ಹಾಡಿ, ಪೋಡುಗಳಿಗೆ ಸಾಂಕ್ರಾಮಿಕದ ಮಾಹಿತಿ ಮುಟ್ಟಿಸುವುದು ಹೇಗೆ: ಊರಲ್ಲಿ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಕೊರೊನಾ ಎಚ್ಚರಿಕೆ. ದೇಶದ ಅತಿ ದೊಡ್ಡ ಆರೋಗ್ಯ ಪ್ರಚಾರ ಬಹುಶಃ ಅದೇ. ಆದರೆ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಬಿಳಿಗಿರಿರಂಗನ ಬೆಟ್ಟದ ಪೋಡಿಗೂ (ಸೋಲಿಗರ ಊರು), ಮನೆಗೊಂದು ಫೋನೂ ಇಲ್ಲದ ನಾಗರಹೊಳೆ ಅಂಚಿನ ಹಾಡಿಗೂ (ಕಾಡಂಚಿನ ಬುಡಕಟ್ಟು ಜನರ ಊರು) ಅದು ತಲುಪಿದ್ದು ಅಷ್ಟಕ್ಕಷ್ಟೆ. ಅಲ್ಲಿಗೆ ಮೊದಲು ಹೋದದ್ದು ಸುದ್ದಿ: ಸಂತೆಯಿಂದ, ಎಸ್ಟೇಟಿನಿಂದ, ಬಾಯಿಂದ ಬಾಯಿಗೆ. ಆಶಾ ಕಾರ್ಯಕರ್ತೆ ಕರಪತ್ರ ಹಿಡಿದು ಹೋಗುವ ಹೊತ್ತಿಗೆ ಜನ ಆಗಲೇ ಒಂದು ತೀರ್ಮಾನಕ್ಕೆ ಬಂದಿರುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ಮುಂದಿನ ರೋಗ ಬಂದಾಗ ಮತ್ತೆ ಕರಪತ್ರದಿಂದ ಶುರುಮಾಡಬಾರದು ಎಂಬ ಕಾರಣಕ್ಕೆ ಇದನ್ನು ಬರೆದಿದ್ದೇನೆ. ಆಶಾ, ನರ್ಸಮ್ಮ, ಪಂಚಾಯಿತಿ ಸದಸ್ಯರು, ಆಶ್ರಮ ಶಾಲೆಯ ಮೇಷ್ಟ್ರು, ಸ್ವಯಂಸೇವಕರು, ಹಾಗೂ ಎಲ್ಲರಿಗಿಂತ ಮುಖ್ಯವಾಗಿ ಆಯಾ ಸಮುದಾಯದ ಯುವಕ ಯುವತಿಯರು ಇದರ ಓದುಗರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 42.5 ಲಕ್ಷ, ಪಟ್ಟಿಯಲ್ಲಿ ಐವತ್ತು ಪಂಗಡಗಳಿವೆ. ಇವರೆಲ್ಲರನ್ನೂ 'ಗಿರಿಜನರು' ಎಂಬ ಒಂದೇ ಚೀಲಕ್ಕೆ ತುಂಬಿ ಒಂದೇ ಪೋಸ್ಟರ್ ಮಾಡಿದರೆ ಅದು ಯಾರದ್ದೂ ಆಗುವುದಿಲ್ಲ. ಈ ಬರಹ ಮುಖ್ಯವಾಗಿ ಚಾಮರಾಜನಗರದ ಸೋಲಿಗರು, ಮೈಸೂರು ಮತ್ತು ಕೊಡಗಿನ ಜೇನುಕುರುಬರು, ಬೆಟ್ಟಕುರುಬರು, ಯರವರು, ಕರಾವಳಿಯ ಕೊರಗರು, ಉತ್ತರ ಕನ್ನಡದ ಸಿದ್ದಿಗಳು ಇಂಥವರ ನಡುವಿನ ಕೆಲಸದ ಬಗ್ಗೆ. ಇವರಲ್ಲಿ ಜೇನುಕುರುಬರು ಮತ್ತು ಕೊರಗರನ್ನು ಸರ್ಕಾರ 'ವಿಶೇಷ ದುರ್ಬಲ ಬುಡಕಟ್ಟು' ಎಂದು ಗುರುತಿಸಿದೆ.

ಹಂತ 1: ಸಂದೇಶ ಬರೆಯುವ ಮೊದಲು ಊರಿನ ಪಟ್ಟಿ ಬರೆಯಿರಿ

ಒಂದು ನೋಟ್‌ಬುಕ್ಕು ಸಾಕು. ಪ್ರತಿ ಹಾಡಿಗೆ ಒಂದು ಪುಟ. ಅದರಲ್ಲಿ ಇಷ್ಟಿರಲಿ: ಎಷ್ಟು ಮನೆ, ಮನೆಯಲ್ಲಿ ಆಡುವ ಮಾತು ಯಾವುದು, ಫೋನ್ ಯಾರ ಬಳಿ ಇದೆ, ಸಿಗ್ನಲ್ ಎಲ್ಲಿ ಸಿಗುತ್ತದೆ (ಇದು ಊರಿನ ಪ್ರತಿ ಹುಡುಗನಿಗೂ ಗೊತ್ತು, ಇಲಾಖೆಯ ಯಾವ ಕಡತದಲ್ಲೂ ಇರುವುದಿಲ್ಲ), ನೀರು ಎಷ್ಟು ದೂರ, ಮಳೆಗಾಲದಲ್ಲಿ ಜೀಪು ಎಲ್ಲಿಯವರೆಗೆ ಹೋಗುತ್ತದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಯಾವುದು, ರಾತ್ರಿ ಅಲ್ಲಿ ಯಾರಾದರೂ ಇರುತ್ತಾರೆಯೇ.

ಇದರ ಜೊತೆಗೆ ಹನ್ನೆರಡು ತಿಂಗಳ ಕ್ಯಾಲೆಂಡರ್ ಬೇಕು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳಲ್ಲಿ ಅರ್ಧ ಮನೆಗಳಿಗೆ ಬೀಗ. ಜನ ಕೊಡಗಿನ ಕಾಫಿ ಕೊಯ್ಲಿಗೆ ಹೋಗಿ ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ, ಇರುತ್ತಾರೆ. ಬೇಸಿಗೆಯಲ್ಲಿ ಜೇನು ಕೀಳುವವರು ಕಾಡಿನಲ್ಲಿ ರಾತ್ರಿ ಕಳೆಯುತ್ತಾರೆ. ಜನವರಿಯಲ್ಲಿ ಹಾಡಿಗೆ ಹೋಗಿ "ಯಾರೂ ಸಹಕರಿಸಲಿಲ್ಲ" ಎಂದು ವರದಿ ಬರೆಯುವವರಿದ್ದಾರೆ. ಸಹಕರಿಸಲು ಜನ ಅಲ್ಲಿರಬೇಕಲ್ಲ. ಹಾಡಿಯ ಪುಟದಲ್ಲೇ ಅವರು ಹೋಗುವ ಎಸ್ಟೇಟ್ ಯಾವ ಹೋಬಳಿಯಲ್ಲಿದೆ, ಮೇಸ್ತ್ರಿ ಯಾರು ಎಂಬುದನ್ನೂ ಬರೆದಿಡಿ. ಆಗ ಸಂದೇಶವನ್ನು ಲೈನ್ ಮನೆಗೇ ಒಯ್ಯಬಹುದು.

ರಸ್ತೆಯೇ ಇಲ್ಲದ ಊರುಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಮಲೆ ಮಹದೇಶ್ವರ ಬೆಟ್ಟದ ಸುತ್ತ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಊರುಗಳಿವೆ. ಅಲ್ಲಿ ಕೊಡುವ ಮಾಹಿತಿಯೇ ಬೇರೆಯಾಗಬೇಕು. 'ಲಕ್ಷಣ ಕಂಡಕೂಡಲೇ 108ಕ್ಕೆ ಕರೆ ಮಾಡಿ' ಎಂಬ ಸಾಲು ಸಿಗ್ನಲ್ಲೂ ರಸ್ತೆಯೂ ಇಲ್ಲದ ಕಡೆ ಮಾಹಿತಿಯಲ್ಲ. ಕೇಳಿದವರು ಮರ್ಯಾದೆಗೆ ತಲೆಯಾಡಿಸುತ್ತಾರೆ, ಮನಸ್ಸಿನಲ್ಲಿ ನಗುತ್ತಾರೆ. ಹೇಳುವ ಪ್ರತಿ ಸಾಲಿನ ಹಿಂದೆ ಅದನ್ನು ಪಾಲಿಸಲು ಬೇಕಾದ ಏರ್ಪಾಡು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮೊದಲು ಏರ್ಪಾಡು, ಆಮೇಲೆ ಸಾಲು. ಈ ಮಾರ್ಗದರ್ಶಿಯಲ್ಲಿ ಇದೊಂದೇ ನೆನಪಿಟ್ಟರೂ ನಡೆದೀತು.

ಹಂತ 2: ಯಾರು ಹೇಳಬೇಕು?

ಸಮವಸ್ತ್ರ ಹಾಕಿದವರಂತೂ ಬೇಡ. ಕಾಡಂಚಿನ ಜನರಿಗೆ ಖಾಕಿ ಎಂದರೆ ಚೆಕ್‌ಪೋಸ್ಟ್, ಕೇಸು, ಎತ್ತಂಗಡಿ. ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳ ಹಾಡಿಗೆ ಅರಣ್ಯ ಇಲಾಖೆಯ ಜೀಪಿನಲ್ಲೇ ಲಸಿಕೆ ತಂಡ ಬಂದಿಳಿದರೆ ಜನ ಕಾಡಿಗೆ ಓಡುವುದರಲ್ಲಿ ಆಶ್ಚರ್ಯವಿಲ್ಲ. 2021ರಲ್ಲಿ ಆರೋಗ್ಯ ಸಿಬ್ಬಂದಿಯನ್ನು ಕಂಡು ಕಾಡು ಸೇರಿದವರ ಸುದ್ದಿ ಪತ್ರಿಕೆಗಳಲ್ಲಿ ಬಂತು, ಓದಿದವರು 'ಮೂಢನಂಬಿಕೆ' ಎಂದರು. ಹಿಂದೆ ಅದೇ ಜೀಪು ಯಾವ ಕೆಲಸಕ್ಕೆ ಬಂದಿತ್ತು ಎಂದು ಕೇಳಿದವರು ಕಡಿಮೆ. ವಾಹನ ಬೇರೆ ಸಿಗದಿದ್ದರೆ ದೂರದಲ್ಲೇ ನಿಲ್ಲಿಸಿ ನಡೆದುಹೋಗಿ.

ಹೇಳಬೇಕಾದವರು ಊರಿನಲ್ಲೇ ಇದ್ದಾರೆ. ಸೋಲಿಗರ ಪೋಡಿನಲ್ಲಿ ಯಜಮಾನರು, ಪೂಜೆ ನಡೆಸುವ ತಮ್ಮಡಿ. ಅರಣ್ಯ ಹಕ್ಕು ಕಾಯ್ದೆಯಡಿ ರಚನೆಯಾದ ಅರಣ್ಯ ಹಕ್ಕು ಸಮಿತಿಯವರು: ಇವರು ಅರ್ಜಿ, ನಕ್ಷೆ, ಸಭೆ ಎಲ್ಲದರಲ್ಲೂ ಪಳಗಿದವರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯದ ಅರಣ್ಯ ಹಕ್ಕನ್ನು ದೇಶದಲ್ಲೇ ಮೊದಲು, 2011ರಲ್ಲಿ, ಪಡೆದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರಿಗೆ ಸಂಘಟನೆ ಕಲಿಸಲು ಹೋಗುವುದು ಬೇಡ. ಕಿರು ಅರಣ್ಯ ಉತ್ಪನ್ನ ಕೊಳ್ಳುವ ಲ್ಯಾಂಪ್ಸ್ ಸೊಸೈಟಿಯ ನಿರ್ದೇಶಕರಿದ್ದಾರೆ, ಸ್ವಸಹಾಯ ಸಂಘದ ಹೆಂಗಸರಿದ್ದಾರೆ, ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯರಿದ್ದಾರೆ, ನರ್ಸಿಂಗ್ ಓದಿದ ಹುಡುಗಿಯರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಕಡೆ ತರಬೇತಿ ಪಡೆದವರು ಸುತ್ತಮುತ್ತ ಹಲವರಿದ್ದಾರೆ, ವಿಚಾರಿಸಿ.

ಇವರಿಂದ ಕೆಲಸ ತೆಗೆದುಕೊಂಡರೆ ದುಡ್ಡು ಕೊಡಿ. ಒಂದು ದಿನ ಊರೂರು ಸುತ್ತಿದರೆ ಒಂದು ದಿನದ ಕೂಲಿ ಹೋಯಿತು. 'ಸೇವೆ' ಎಂಬ ಮಾತನ್ನು ಸಂಬಳ ಎಣಿಸಿಕೊಳ್ಳುವ ನಾವು ಕೂಲಿ ಮಾಡುವವರಿಗೆ ಹೇಳುವುದು ಸರಿಯಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಬರುವ ಮುಕ್ತ ನಿಧಿಯಿಂದ ಸಣ್ಣ ಖರ್ಚು ತೂಗಿಸಬಹುದು, ದೊಡ್ಡದಕ್ಕೆ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ.

ಹಂತ 3: ಮೊದಲ ಭೇಟಿಯಲ್ಲಿ ಏನೂ ಹೇಳಬೇಡಿ, ಕೇಳಿ

ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದೇ ಹಂತ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಮೊದಲ ಸಭೆಗೆ ಒಬ್ಬ ವೈದ್ಯರನ್ನೋ ಅನುಭವಿ ನರ್ಸಮ್ಮನನ್ನೋ ಕರೆದೊಯ್ಯಿರಿ, ಆದರೆ ಭಾಷಣ ಬೇಡ. ಯಜಮಾನರ ಜಗುಲಿಯಲ್ಲೋ ಮರದ ಕೆಳಗೋ ಕೂತು "ಈ ಕಾಯಿಲೆ ಬಗ್ಗೆ ಏನು ಕೇಳಿದ್ದೀರಿ?" ಎಂದಷ್ಟೇ ಕೇಳಿ. ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಹೆಂಗಸರ ಜೊತೆ ಬೇರೆಯಾಗಿ ಕೂರಿ. ಗಂಡಸರ ಮುಂದೆ ಬಸುರಿ, ಮುಟ್ಟು, ಹಾಲೂಡಿಸುವುದರ ಪ್ರಶ್ನೆಗಳು ಹೊರಬರುವುದಿಲ್ಲ.

ಕೋವಿಡ್ ಕಾಲದಲ್ಲಿ ಕೇಳಿಬಂದಂಥ ಪ್ರಶ್ನೆಗಳನ್ನೂ ಉತ್ತರಿಸುವ ಬಗೆಯನ್ನೂ ಇಲ್ಲಿ ಕೊಟ್ಟಿದ್ದೇನೆ. ರೋಗ ಬದಲಾದರೂ ಪ್ರಶ್ನೆಗಳ ಜಾಡು ಬಹಳ ಬದಲಾಗದು.

"ಕಾಡ್ನಲ್ಲಿರೋರ್ಗೆ ಇದು ಬತ್ತದಾ ಸಾ?" ಕಾಡಿನ ಗಾಳಿ ಒಳ್ಳೆಯದು, ದೂರ ದೂರ ಇರುವ ಮನೆಗಳಿಂದ ಉಪಕಾರವೂ ಇದೆ ಎಂದು ಮೊದಲು ಒಪ್ಪಿಕೊಳ್ಳಿ, ಅದು ನಿಜ. ಆಮೇಲೆ, ಸಂತೆಗೆ ಹೋಗಿಬಂದವರು, ಎಸ್ಟೇಟಿನಿಂದ ಬಂದವರು, ಜೀಪಿನಲ್ಲಿ ಹದಿನೈದು ಜನ ಒತ್ತಿಕೊಂಡು ಬಂದವರು ಯಾರ್ಯಾರು ಎಂದು ಅವರನ್ನೇ ಎಣಿಸಲು ಹೇಳಿ. ರೋಗ ಹಾಡಿಗೆ ಬರುವ ದಾರಿಯನ್ನು ಅವರೇ ಗುರುತಿಸುತ್ತಾರೆ.

"ಸೂಜಿ ಹಾಕಿಸ್ಕಂಡ್ರೆ ಜ್ವರ ಬತ್ತದಂತೆ, ನಾಳೆ ಕೂಲಿ ಯಾರ್ ಕೊಟ್ಟಾರು?" ಜ್ವರ ಬರುವುದಿಲ್ಲ ಎಂದು ಸುಳ್ಳು ಹೇಳಬೇಡಿ. ಬರಬಹುದು, ಸಾಮಾನ್ಯವಾಗಿ ಒಂದೆರಡು ದಿನ, ಈ ಮಾತ್ರೆ ಇದೆ, ನಾಳೆ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಎನ್ನಿ. ಮತ್ತು ಬನ್ನಿ. ಲಸಿಕೆಯ ಮರುದಿನ ಸಿಬ್ಬಂದಿ ಊರಿನಲ್ಲಿ ಕಾಣಿಸಿದರೆ ಅರ್ಧ ವದಂತಿ ಅಲ್ಲೇ ನಿಲ್ಲುತ್ತದೆ. ಕೂಲಿಯ ಪ್ರಶ್ನೆಗೆ ಉತ್ತರ ಮಾತಿನಲ್ಲಿಲ್ಲ: ವಾರದ ರಜೆಯ ಹಿಂದಿನ ಸಂಜೆ ಶಿಬಿರ ಇಡಿ, ಮನೆಯವರೆಲ್ಲ ಒಂದೇ ದಿನ ಹಾಕಿಸಿಕೊಳ್ಳಬೇಕೆಂದು ಒತ್ತಾಯಿಸಬೇಡಿ.

"ಎಷ್ಟ್ ದಿನ ಕುಡಿಬಾರ್ದು?" ಇದನ್ನು ಕೇಳಿ ನಗುವ ಸಿಬ್ಬಂದಿ ಇದ್ದಾರೆ, ಉಪದೇಶಕ್ಕೆ ತೊಡಗುವವರೂ ಇದ್ದಾರೆ. ಎರಡೂ ಕೆಲಸ ಕೆಡಿಸುತ್ತವೆ. ಮದ್ಯದಿಂದ ಲಸಿಕೆಯ ಪರಿಣಾಮ ಕುಗ್ಗುತ್ತದೆ ಎನ್ನಲು ಪುರಾವೆ ಇಲ್ಲವೆಂದು ಕೋವಿಡ್ ಲಸಿಕೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತ್ತು. ಯಾರೋ ಸ್ವಂತ ಬುದ್ಧಿಯಿಂದ 'ಒಂದು ತಿಂಗಳು ಮುಟ್ಟಬಾರದು' ಎಂದು ಸೇರಿಸಿದರೆ, ಹಬ್ಬ ಮದುವೆ ನೋಡಿಕೊಂಡು ಜನ ಲಸಿಕೆಯನ್ನೇ ಮುಂದೂಡುತ್ತಾರೆ. ಕುಡಿತ ಬಿಡಿಸುವ ಕೆಲಸ ಬೇರೆ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

"ದೊಡ್ಡಾಸ್ಪತ್ರೆಗೆ ಹೋದೋರು ವಾಪಸ್ ಬರಲ್ವಂತೆ." ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 2021ರ ಮೇ ಆರಂಭದಲ್ಲಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ರಾತ್ರಿ ಹಲವು ರೋಗಿಗಳು ತೀರಿಕೊಂಡರು. ಆ ಸುದ್ದಿ ಪೋಡುಗಳಿಗೆ ಯಾವ ಪೋಸ್ಟರಿಗಿಂತಲೂ ಬೇಗ ಮುಟ್ಟಿತು, ಮುಟ್ಟಬೇಕಾದ್ದೇ. ಅದಾದಮೇಲೂ 'ವದಂತಿಗಳಿಗೆ ಕಿವಿಗೊಡಬೇಡಿ' ಎಂದರೆ ಕೇಳುವವರು ನಮ್ಮನ್ನೇ ವದಂತಿ ಎಂದುಕೊಳ್ಳುತ್ತಾರೆ. ನಡೆದದ್ದನ್ನು ನಡೆದಿದೆ ಎನ್ನಿ. ಈಗ ಆಸ್ಪತ್ರೆಯಲ್ಲಿ ಏನಿದೆ, ಯಾರಿದ್ದಾರೆ ಎಂದು ವಿಚಾರಿಸಿಕೊಂಡು ಬಂದು ಹೇಳಿ. ರೋಗಿಯ ಜೊತೆ ಒಬ್ಬರು ಇರಬಹುದೇ, ಅವರಿಗೆ ಊಟ ಎಲ್ಲಿ, ಗುಣವಾದರೆ ವಾಪಸ್ ಬರಲು ಗಾಡಿ ಯಾರು ಕೊಡುತ್ತಾರೆ, ಸತ್ತರೆ ಮಣ್ಣು ಮಾಡುವುದು ಎಲ್ಲಿ: ಈ ನಾಲ್ಕಕ್ಕೂ ಉತ್ತರ ಕೈಯಲ್ಲಿರಲಿ. ಕೊನೆಯದನ್ನು ಕೇಳಲು ಅವರು ಹಿಂಜರಿಯುತ್ತಾರೆ, ಹೇಳಲು ನೀವು ಹಿಂಜರಿಯಬೇಡಿ. ಹೋಗಿ ಗುಣವಾಗಿ ಬಂದವರು ಪಕ್ಕದ ಪೋಡಿನಲ್ಲಿದ್ದರೆ, ಅವರು ಒಪ್ಪಿದರೆ, ಕರೆತಂದು ಮಾತಾಡಿಸಿ.

ಇನ್ನು ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್. ಸೋಲಿಗ, ಜೇನುಕುರುಬ, ಯರವ ಮನೆಗಳಲ್ಲಿ ಇದು ಇದೆ. 'ಮೊದಲೇ ರಕ್ತದ ಕಾಯಿಲೆ, ಲಸಿಕೆ ಬೇಡ' ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಇಂಥವರಿಗೆ ಕೋವಿಡ್ ಹೆಚ್ಚು ಅಪಾಯ, ಆದ್ದರಿಂದಲೇ ಲಸಿಕೆ ಮುಖ್ಯ. ಕ್ಷಯದ ಚಿಕಿತ್ಸೆಯಲ್ಲಿರುವವರ ವಿಷಯವೂ ಪ್ರತ್ಯೇಕ: ಕೆಮ್ಮೆಲ್ಲ ಹೊಸ ರೋಗವಲ್ಲ, ಹಾಗೆಂದು ಟಿಬಿ ಮಾತ್ರೆ ನಿಲ್ಲಿಸಲೂಬಾರದು ಎಂದು ಬಿಡಿಸಿ ಹೇಳಿ.

ಹಂತ 4: ಸಂದೇಶವನ್ನು ಮನೆಗೆ ಹೊಂದಿಸಿ

'ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ' ಎಂದು ಬರೆದವರು ಎಂಥ ಮನೆಯಲ್ಲಿರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಹಾಡಿಯ ಮನೆ ಹೆಚ್ಚಾಗಿ ಒಂದೇ ಕೋಣೆ. ಅಲ್ಲಿ ಕೊಡಬಹುದಾದ ಸಲಹೆ: ಕಾಯಿಲೆಯವರು ಜಗುಲಿಯಲ್ಲಿ ಅಥವಾ ಗಾಳಿ ಬರುವ ಬಾಗಿಲ ಬಳಿ ಮಲಗಲಿ, ಮಳೆಯಿದ್ದರೆ ಟಾರ್ಪಲ್ ಕಟ್ಟಿಕೊಡಿ (ಪಂಚಾಯಿತಿಯಿಂದ ಮೊದಲೇ ತರಿಸಿಡಿ), ಮುದುಕರೂ ಮಕ್ಕಳೂ ಪಕ್ಕದ ನೆಂಟರ ಮನೆಗೆ ಹೋಗಲಿ, ಒಬ್ಬರೇ ಆರೈಕೆ ಮಾಡಲಿ, ಅವರು ಬಟ್ಟೆ ಕಟ್ಟಿಕೊಳ್ಳಲಿ. ಊರಿಗೊಂದು ಖಾಲಿ ಕಟ್ಟಡ ಇದ್ದರೆ, ಅಂಗನವಾಡಿಯೋ ಸಮುದಾಯ ಭವನವೋ, ಅದನ್ನು ಬಳಸಬೇಕೆ ಬೇಡವೆ ಎಂದು ಊರವರೇ ಕೂತು ತೀರ್ಮಾನಿಸಲಿ.

ಕೈ ತೊಳೆಯುವ ಮಾತು ನೀರಿನ ಮಾತು. ಬೋರ್‌ವೆಲ್ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ನೀರು ಕಡಿಮೆ ಇರುವ ಕಡೆ ಹಳೆಯ ಕ್ಯಾನಿಗೆ ಸಣ್ಣ ತೂತು ಕೊರೆದು, ಕಾಲಿನಿಂದ ದಾರ ಎಳೆದರೆ ಬಾಗುವ ಹಾಗೆ ಮರಕ್ಕೆ ಕಟ್ಟಿದರೆ ಒಂದು ಲೋಟ ನೀರಿನಲ್ಲಿ ಕೆಲಸವಾಗುತ್ತದೆ. ಸೋಪು ಹಂಚಿ, ಅದರ ಬಗ್ಗೆ ಹೇಳಿದರಷ್ಟೇ ಸಾಲದು.

ದೂರ ಇರಿ ಎನ್ನುವಾಗ ಸ್ವಲ್ಪ ನೋಡಿಕೊಂಡು ಹೇಳಿ. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ತಲೆಮಾರುಗಳಿಂದ ಅಂಗಳದಾಚೆ ನಿಲ್ಲಿಸಿದವರ ಮನೆಗಳಿರುವ ಕೊಪ್ಪಕ್ಕೆ ಹೋಗಿ ಹೊರಗಿನವರು 'ಅಂತರ ಕಾಪಾಡಿ' ಎಂದರೆ ಅದು ಬೇರೆಯೇ ಕೇಳಿಸುತ್ತದೆ. 'ಕೆಮ್ಮಿದ್ದರೆ ಎರಡು ಮಾರು ದೂರ, ಅದು ನನಗೂ ಸೇರಿ' ಎನ್ನಿ. ಅವರು ಕೊಟ್ಟ ನೀರನ್ನು ಬೇಡ ಎನ್ನಬೇಡಿ. ಹೊರಗೆ ತೆಗೆದುಕೊಂಡು ಹೋಗಿ ಮಾಸ್ಕ್ ತೆಗೆದು ಕುಡಿದರಾಯಿತು.

ಅಪಾಯದ ಚಿಹ್ನೆಗಳನ್ನು ಮಾತ್ರ ಎಲ್ಲರಿಗೂ ಒಂದೇ ರೀತಿ, ಬಾಯಿಪಾಠವಾಗುವಷ್ಟು ಸಲ ಹೇಳಿ: ಕೂತಲ್ಲೇ ಏದುಸಿರು, ಬಿಡದ ಎದೆನೋವು, ತುಟಿ ಉಗುರು ನೀಲಿಯಾಗುವುದು, ಮಂಪರು ಅಥವಾ ತಡವರಿಕೆ, ಮಗು ಹಾಲು ಬಿಡುವುದು, ಉಸಿರಾಡುವಾಗ ಮಗುವಿನ ಪಕ್ಕೆ ಒಳಗೆ ಸೆಳೆಯುವುದು. ಊರಿಗೊಂದು ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ) ಇಟ್ಟು ಇಬ್ಬರಿಗೆ ಕಲಿಸಿ. 94ಕ್ಕಿಂತ ಕೆಳಗಿಳಿದರೆ ಹೊರಡಬೇಕು. ಒಂದು ಎಚ್ಚರಿಕೆ ಮಾತ್ರ ಹೆಚ್ಚಿನ ತರಬೇತಿಗಳಲ್ಲಿ ಬರುವುದಿಲ್ಲ: ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಹೆಚ್ಚು ಅಂಕೆ ತೋರಿಸಬಹುದು, ಸಿಕಲ್ ಸೆಲ್ ಇರುವವರಲ್ಲೂ ತಪ್ಪಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿ ಮನೆಗಳಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಡಬೇಕು. 96 ತೋರಿಸುತ್ತಿದೆ, ಆದರೆ ಮನುಷ್ಯ ಏದುತ್ತಿದ್ದಾನೆ ಎಂದರೆ ಮನುಷ್ಯನನ್ನು ನಂಬಿ, ಗಾಡಿ ಕರೆಸಿ.

ಹಂತ 5: ಅವರ ಮಾತಿನಲ್ಲಿ, ಅವರ ದನಿಯಲ್ಲಿ

ಯರವರ ಮಾತು, ಪಣಿಯರ ಮಾತು, ಜೇನುಕುರುಬ ನುಡಿ, ಕೊರಗ ಭಾಷೆ, ಹಕ್ಕಿಪಿಕ್ಕಿಗಳ ವಾಗ್ರಿ ಇವೆಲ್ಲ ಹೆಚ್ಚಾಗಿ ಬಾಯಿಮಾತಿನ ಭಾಷೆಗಳು. ಆದ್ದರಿಂದ ಅನುವಾದಿಸಿದ ಕರಪತ್ರಕ್ಕೆ ಹಣ ಸುರಿಯಬೇಡಿ, ದನಿ ಮುದ್ರಿಸಿ. ಎರಡು ನಿಮಿಷ ಮೀರಬಾರದು, ಒಂದು ಆಡಿಯೊದಲ್ಲಿ ಒಂದೇ ವಿಷಯ. ಬರೆದದ್ದನ್ನು ಓದಿಸಬೇಡಿ. ವಿಷಯ ತಿಳಿಸಿ, ಆಮೇಲೆ 'ನಿನ್ನ ತಂಗಿಗೆ ಹೇಳೋ ಹಾಗೆ ಹೇಳಮ್ಮ' ಎಂದು ಬಿಟ್ಟುಬಿಡಿ. ಮುದ್ರಿಸಿದ್ದನ್ನು ಊರಿನ ಬೇರೊಬ್ಬರಿಗೆ ಕೇಳಿಸಿ, ಅವರು ಏನು ಅರ್ಥಮಾಡಿಕೊಂಡರೆಂದು ಅವರ ಬಾಯಲ್ಲೇ ಹೇಳಿಸಿ. ತಪ್ಪಿದ್ದರೆ ಅಲ್ಲೇ ತಿದ್ದಿ, ಪಿಎಚ್‌ಸಿ ವೈದ್ಯರಿಗೂ ಒಮ್ಮೆ ಅರ್ಥ ಹೇಳಿ ಒಪ್ಪಿಗೆ ಪಡೆಯಿರಿ.

ಪ್ರತಿ ಆಡಿಯೊದ ಮೊದಲ ಸಾಲು ದಿನಾಂಕವಾಗಿರಲಿ. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರ 2021ರ ಜನವರಿಯಲ್ಲಿ 4ರಿಂದ 6 ವಾರ ಇತ್ತು, ಮಾರ್ಚ್‌ನಲ್ಲಿ 6ರಿಂದ 8 ಆಯಿತು, ಮೇ ಮಧ್ಯದಲ್ಲಿ 12ರಿಂದ 16. ಹಳೆಯ ಆಡಿಯೊ ಮೆಮೊರಿ ಕಾರ್ಡಿನಿಂದ ಕಾರ್ಡಿಗೆ ತಿರುಗುತ್ತಲೇ ಇರುತ್ತದೆ. ನಿಯಮ ಬದಲಾದಾಗ ಹೊಸದನ್ನು ಹೇಳಿದರಷ್ಟೇ ಸಾಲದು, 'ಹಿಂದೆ ಹೀಗೆ ಹೇಳಿದ್ದೆವು, ಈಗ ಇದಕ್ಕಾಗಿ ಬದಲಾಗಿದೆ' ಎಂದೂ ಹೇಳಬೇಕು. ಇಲ್ಲದಿದ್ದರೆ ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಹೇಳುವವರೆಂದು ಹೆಸರು ಬರುತ್ತದೆ.

ಹಂತ 6: ಜನ ಸೇರುವ ಜಾಗಕ್ಕೆ ಹೋಗಿ

ಹೊಸ ಸಭೆ ಕರೆಯುವ ಅಗತ್ಯ ಬಹಳ ಸಲ ಇರುವುದಿಲ್ಲ. ಬುಡಕಟ್ಟು ಕುಟುಂಬಗಳಿಗೆ ರಾಗಿ, ಬೇಳೆ, ಎಣ್ಣೆ, ಮೊಟ್ಟೆಯ ಪೌಷ್ಟಿಕ ಆಹಾರ ಹಂಚುವ ದಿನ, ರೇಷನ್ ದಿನ, ಲ್ಯಾಂಪ್ಸ್ ಸೊಸೈಟಿಯಲ್ಲಿ ಜೇನು ಸೀಗೆಕಾಯಿ ತೂಗುವ ದಿನ, ಎಸ್ಟೇಟಿನ ಬಟವಾಡೆ, ವಾರದ ಸಂತೆ ಇವೆಲ್ಲ ಸಿದ್ಧ ಸಭೆಗಳೇ. ಆಹಾರ ಕೊಡುವುದಕ್ಕೂ ಲಸಿಕೆಗೂ ಮಾತ್ರ ಗಂಟು ಹಾಕಬೇಡಿ. 'ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ' ಎಂಬ ಬೆದರಿಕೆ ಒಂದು ದಿನದ ಅಂಕಿ ಏರಿಸೀತು, ಆಮೇಲೆ ಪೋಲಿಯೊ ಹನಿಗೆ ಹೋದರೂ ಬಾಗಿಲು ತೆರೆಯುವುದಿಲ್ಲ.

ಸರಗೂರಿನ ಜನಧ್ವನಿಯಂಥ ಸಮುದಾಯ ಬಾನುಲಿ ಹತ್ತಿರವಿದ್ದರೆ ಬಳಸಿ. ಸಮಯದ ಬಗ್ಗೆ ಹೇಳುವುದಾದರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಳ್ಳೆಯದು. ಸಂಜೆ ಜನ ಸಿಗುತ್ತಾರೆ ನಿಜ, ಆದರೆ ಆನೆಯೂ ಸಿಗುತ್ತದೆ. ಸಭೆ ಮುಗಿಸಿ ಮನೆಗೆ ನಡೆಯಬೇಕಾದವರು ಅವರು, ಜೀಪಿನಲ್ಲಿ ಹೋಗುವವರು ನಾವು.

ಹಂತ 7: ಲಸಿಕೆ, ಪರೀಕ್ಷೆಯ ದಿನ

ಕೋವಿಡ್ ಲಸಿಕೆಗೆ ಹೆಸರು ನೋಂದಾಯಿಸುವ ಜಾಲತಾಣವಾದ ಕೋವಿನ್‌ನ ಮೊದಲ ತಿಂಗಳುಗಳು ಸ್ಮಾರ್ಟ್‌ಫೋನ್, ಒಟಿಪಿ, ಗುರುತಿನ ಚೀಟಿ ಇದ್ದವರ ತಿಂಗಳುಗಳು. 2021ರ ಮೇ ಹೊತ್ತಿಗೆ ಗುರುತಿನ ಚೀಟಿ ಇಲ್ಲದವರಿಗೆ ಪ್ರತ್ಯೇಕ ವ್ಯವಸ್ಥೆಯೂ, 18ರಿಂದ 44 ವಯಸ್ಸಿನವರಿಗೆ ಸರ್ಕಾರಿ ಕೇಂದ್ರದಲ್ಲೇ ನೋಂದಣಿಯೂ ಬಂತು. ಆದರೆ ನಿಯಮ ಬದಲಾದ ಮಾತ್ರಕ್ಕೆ ಗೇಟಿನಲ್ಲಿ ನಿಂತವರಿಗೆ ಅದು ಗೊತ್ತಿರುತ್ತದೆ ಎಂದೇನಿಲ್ಲ. ಆದೇಶದ ಪ್ರತಿಯನ್ನು ಮುದ್ರಿಸಿ ಜೇಬಿನಲ್ಲಿಟ್ಟುಕೊಳ್ಳಿ. 'ಆಧಾರ್ ಇಲ್ಲ, ಹೋಗಿ' ಎಂದು ಒಬ್ಬರನ್ನು ವಾಪಸ್ ಕಳಿಸಿದರೆ ಮುಂದಿನ ಸಲ ಆ ಹಾಡಿಯಿಂದ ಯಾರೂ ಬರುವುದಿಲ್ಲ.

ಹಿಂದಿನ ದಿನವೇ ಹೆಸರಿನ ಪಟ್ಟಿ ಕಾಗದದಲ್ಲಿರಲಿ, ನೆಟ್‌ವರ್ಕ್ ಸಿಕ್ಕಾಗ ಏರಿಸಬಹುದು. ಯಜಮಾನರಿಗೆ, ಆಶಾಗೆ ಎಲ್ಲರೆದುರು ಮೊದಲು ಹಾಕಿ. ಫೋಟೊ ತೆಗೆಯುವ ಮುನ್ನ ಕೇಳಿ, ಬೇಡ ಎಂದರೆ ಬೇಡ. ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡಿ, ಸೋರುವ ಮನೆಯಲ್ಲಿ ಕಾಗದ ಎರಡನೇ ಡೋಸಿನವರೆಗೆ ಉಳಿಯುವುದಿಲ್ಲ.

ಸೋಂಕು ಯಾರಿಗೆ ಬಂತು ಎಂಬುದು ಆ ಮನೆಗೂ ಆರೈಕೆಯವರಿಗೂ ಬಿಟ್ಟರೆ ಬೇರೆಯವರಿಗೆ ಬೇಡ. 2020ರಲ್ಲಿ ಬಾಗಿಲಿಗೆ ಅಂಟಿಸಿದ ಪೋಸ್ಟರುಗಳು ಎಷ್ಟು ಜನರನ್ನು ಪರೀಕ್ಷೆಯಿಂದ ದೂರ ಓಡಿಸಿದವೆಂದು ಪಟ್ಟಣದವರಿಗೂ ನೆನಪಿರಬಹುದು.

ಹಂತ 8: ವಾಪಸ್ ಬರುವ ದಾರಿ

ಹಾಡಿಯಿಂದ ಪ್ರಶ್ನೆ ಮೇಲಕ್ಕೆ ಹೋಗಲು ಒಬ್ಬರ ಹೆಸರು, ಒಂದು ನಂಬರು ಇರಬೇಕು. 104 ಆರೋಗ್ಯ ಸಹಾಯವಾಣಿ ಇದೆ, ಆದರೆ ಪರಿಚಯದ ನರ್ಸಮ್ಮನ ನಂಬರಿಗೆ ಬರುವ ಕರೆ ಅಲ್ಲಿಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ಊರಿನ ಕಾರ್ಯಕರ್ತರು ಗುಡ್ಡದ ಮೇಲಿಂದ ಕರೆ ಮಾಡಿ ಹೊಸ ಸುದ್ದಿ, ಹೊಸ ಭಯ ಏನಿದೆ ಎಂದು ಹೇಳಲಿ. ಉತ್ತರ ಎರಡು ದಿನದೊಳಗೆ ಮುಟ್ಟಬೇಕು. ಗೊತ್ತಿಲ್ಲದಿದ್ದರೆ 'ವಿಚಾರಿಸುತ್ತಿದ್ದೇವೆ' ಎಂಬ ಉತ್ತರವಾದರೂ ಮುಟ್ಟಲಿ.

ಕೆಲಸ ಆಯಿತೇ ಎಂದು ಅಳೆಯಲು ಹಂಚಿದ ಕರಪತ್ರ ಎಣಿಸಬೇಡಿ. ಯಾವುದಾದರೂ ಐದು ಮನೆಗೆ ಹೋಗಿ, ಮನೆಯಲ್ಲಿರುವವರನ್ನು ಮೂರು ಪ್ರಶ್ನೆ ಕೇಳಿ: ಯಾವ ಚಿಹ್ನೆ ಕಂಡರೆ ಹೊರಡುತ್ತೀರಿ? ಯಾರಿಗೆ ಹೇಳುತ್ತೀರಿ? ರಾತ್ರಿಯಾದರೆ ಗಾಡಿ ಯಾರದ್ದು? ಮೂರನೆಯದಕ್ಕೆ ಉತ್ತರ ಬರದಿದ್ದರೆ ತಪ್ಪು ಅವರದ್ದಲ್ಲ. ಪಂಚಾಯಿತಿಗೆ ಹೋಗಿ ಜೀಪಿನವರ ಜೊತೆ ಬಾಡಿಗೆಯ ಒಪ್ಪಂದ ಮಾಡಿಸಿ, ಆ ಹೆಸರು ನಂಬರನ್ನು ಅಂಗನವಾಡಿ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿ.

ನೋಟ್‌ಬುಕ್ಕನ್ನು ಸಾಂಕ್ರಾಮಿಕ ಮುಗಿದ ಮೇಲೂ ಎಸೆಯಬೇಡಿ. ವರ್ಷಕ್ಕೆರಡು ಸಲ, ಮಳೆ ಹಿಡಿಯುವ ಮುಂಚೆ ಒಮ್ಮೆ ಮತ್ತು ಕಾಫಿ ಕೊಯ್ಲಿಗೆ ಜನ ಹೊರಡುವ ಮುಂಚೆ ಒಮ್ಮೆ, ಫೋನ್ ನಂಬರು, ರಸ್ತೆ, ಹೊಸದಾಗಿ ಹುಟ್ಟಿದವರು, ಊರು ಬಿಟ್ಟವರು ಇಷ್ಟನ್ನು ತಿದ್ದಿಕೊಳ್ಳಿ. ಒಂದು ಪ್ರತಿ ಪಿಎಚ್‌ಸಿಯಲ್ಲಿರಲಿ, ಒಂದು ಅರಣ್ಯ ಹಕ್ಕು ಸಮಿತಿಯ ಬಳಿ. ವರ್ಗವಾಗಿ ಹೋಗುವವರು ನಾವೇ, ಹಾಗಾಗಿ ಮೂಲ ಪ್ರತಿ ಸಮಿತಿಯ ಬಳಿಯೇ ಇರಲಿ.